ಶಿಬಿರದ ಹುಡುಗಿಗೂ ಪದವಿ ಬೇಕು



'ನಿರಾಶ್ರಿತರು' ಎಂಬ ಮಾತು ಕಿವಿಗೆ ಬಿದ್ದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಹರಿದ ಡೇರೆ, ಕೊಡ ಹಿಡಿದು ನೀರಿಗಾಗಿ ನಿಂತ ಸಾಲು, ಮಗುವನ್ನು ಸೊಂಟಕ್ಕೇರಿಸಿಕೊಂಡ ತಾಯಿ. ಪತ್ರಿಕೆಗಳೂ ಟಿ.ವಿ.ಯೂ ನಮಗೆ ತೋರಿಸುವ ಚಿತ್ರ ಇದೇ. ಆ ಸಾಲಿನಲ್ಲಿ ನಿಂತವಳು ಬೆಳಿಗ್ಗೆ ಮಕ್ಕಳಿಗೆ ಪಾಠ ಮಾಡಿ ಬಂದಿರಬಹುದು, ರಾತ್ರಿ ತನ್ನ ಪರೀಕ್ಷೆಗೆ ಓದಲಿರಬಹುದು ಎಂದು ನಮಗೆ ಹೊಳೆಯುವುದೇ ಇಲ್ಲ. ಅವರಿಗೆ ಅನ್ನ, ಬಟ್ಟೆ, ಔಷಧ ಕೊಡಬೇಕೆಂದರೆ ಎಲ್ಲರೂ ಒಪ್ಪುತ್ತೇವೆ. ಕಾಲೇಜು ಶಿಕ್ಷಣ ಕೊಡಬೇಕೆಂದರೆ ಮಾತ್ರ, "ಅದೆಲ್ಲ ಆಮೇಲೆ, ಮೊದಲು ಹೊಟ್ಟೆ ತುಂಬಲಿ" ಎನ್ನುತ್ತೇವೆ.

ಹೊಟ್ಟೆ ಮೊದಲು, ನಿಜ. ಆದರೆ ಆ 'ಆಮೇಲೆ' ಬರುವುದು ಯಾವಾಗ? ಕೀನ್ಯಾ ದೇಶದ ದಾದಾಬ್‌ನ ಕತೆಯನ್ನು ಕೇಳಿ. 1991ರಲ್ಲಿ ಸೊಮಾಲಿಯಾದ ಸರಕಾರ ಕುಸಿದು ಅಂತರ್ಯುದ್ಧ ಹೊತ್ತಿಕೊಂಡಾಗ, ಗಡಿ ದಾಟಿ ಬಂದವರಿಗಾಗಿ ಇಲ್ಲಿ ಶಿಬಿರಗಳು ಎದ್ದವು. ಇಫೋ, ಹಗದೆರಾ, ದಗಹಲೆ ಎಂದು ಅವುಗಳ ಹೆಸರು. ಸುಮಾರು 90 ಸಾವಿರ ಜನರಿಗೆಂದು ಮಾಡಿದ ಈ ಮೂರು ಶಿಬಿರಗಳ ಸುತ್ತ 2011ರ ಬರಗಾಲದ ಹೊತ್ತಿಗೆ 4 ಲಕ್ಷಕ್ಕೂ ಮಿಕ್ಕಿದ ಜನ ಸೇರಿದರು. ಕೆಲವು ಕಾಲಕ್ಕೆಂದು ಕಟ್ಟಿದ್ದು ಮೂರು ದಶಕ ದಾಟಿತು. ಅಲ್ಲಿ ಹುಟ್ಟಿದ ಹೆಣ್ಣುಮಗು ಬೆಳೆದು, ಮದುವೆಯಾಗಿ, ಅಲ್ಲೇ ತಾಯಿಯಾಗಿದ್ದಾಳೆ. ಸೊಮಾಲಿಯಾವನ್ನು ಅವಳು ಕಂಡೇ ಇಲ್ಲ. ಕೀನ್ಯಾದಲ್ಲೂ ಅನುಮತಿ ಪತ್ರವಿಲ್ಲದೆ ಶಿಬಿರದಿಂದಾಚೆ ಹೋಗುವಂತಿರಲಿಲ್ಲ. ಇಂಥವಳಿಗೆ 'ಆಮೇಲೆ' ಎಂದರೆ ಒಂದು ಆಯುಷ್ಯವೇ ಕಳೆದುಹೋದಂತೆ.

ಇನ್ನೊಂದು ಸಂಗತಿಯಿದೆ. ಆ ಶಿಬಿರಗಳ ಶಾಲೆಗಳಲ್ಲಿ ಕಲಿಸುವವರು ಯಾರು? ಹೆಚ್ಚಿನವರು ನಿನ್ನೆ ಮೊನ್ನೆ ಹೈಸ್ಕೂಲು ಮುಗಿಸಿದ ನಿರಾಶ್ರಿತ ಯುವಕ ಯುವತಿಯರು. ಕಿಕ್ಕಿರಿದ ತರಗತಿ, ಸಾಲದ ಪುಸ್ತಕ, ಶಿಕ್ಷಕ ತರಬೇತಿ ಇಲ್ಲ. ಅವರಿಗೆ ಸಿಗುವುದು ಸಂಬಳವಲ್ಲ, 'ಪ್ರೋತ್ಸಾಹ ಧನ' ಎಂಬ ಹೆಸರಿನ ಸಣ್ಣ ಮೊತ್ತ. ಅದೇ ಕೆಲಸಕ್ಕೆ ಕೀನ್ಯಾದ ಶಿಕ್ಷಕರಿಗೆ ಅದರ ಎಷ್ಟೋ ಪಟ್ಟು ಸಿಗುತ್ತದೆ. 2014ರ ನವೆಂಬರ್‌ನಲ್ಲಿ ಮಂಡೇರಾದ ಬಳಿ ಉಗ್ರರು ಬಸ್ಸು ತಡೆದು 28 ಮಂದಿಯನ್ನು ಕೊಂದರು. ಸತ್ತವರಲ್ಲಿ ಶಿಕ್ಷಕರೂ ಇದ್ದರು. 2015ರ ಏಪ್ರಿಲ್‌ನಲ್ಲಿ ಗರಿಸ್ಸಾ ವಿಶ್ವವಿದ್ಯಾಲಯದ ಮೇಲೆ ದಾಳಿ ನಡೆದು 148 ಜೀವಗಳು ಹೋದವು. ಹೊರ ಜಿಲ್ಲೆಗಳ ಶಿಕ್ಷಕರು ಈ ಸೀಮೆಗೆ ಬರಲು ಅಂಜಿದರು. ಬೇರೆಲ್ಲೂ ಹೋಗಲಾಗದ ನಿರಾಶ್ರಿತ ಶಿಕ್ಷಕರು ಉಳಿದರು. ಈಗ ಹೇಳಿ, ಇವರಲ್ಲಿ ಒಬ್ಬಳಿಗೆ ಉನ್ನತ ಶಿಕ್ಷಣ ಕೊಟ್ಟರೆ ಅದು ಅವಳೊಬ್ಬಳಿಗೆ ಸಿಕ್ಕ ಲಾಭವೇ? ಅವಳ ಕೈಕೆಳಗೆ ಕಲಿಯುವ ನೂರಾರು ಮಕ್ಕಳಿಗೆ ಸಿಕ್ಕಿದ್ದಲ್ಲವೇ?

ಈ ಲೆಕ್ಕಾಚಾರದಿಂದಲೇ 2013ರಲ್ಲಿ ಅಲ್ಲಿ 'ನಿರಾಶ್ರಿತರಿಗೆ ಗಡಿಯಿಲ್ಲದ ಉನ್ನತ ಶಿಕ್ಷಣ' ಎಂಬ ಯೋಜನೆ ಆರಂಭವಾಯಿತು. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯ, ಕೀನ್ಯಾದ ಕೆನ್ಯಾಟ್ಟಾ ಮತ್ತು ಮೋಯಿ ವಿಶ್ವವಿದ್ಯಾಲಯಗಳು ಮೊದಲಾದವು ಕೈಜೋಡಿಸಿದವು. ವಿದ್ಯಾರ್ಥಿಗಳು ದೇಶ ಬಿಟ್ಟು ಹೋಗಬೇಕಿಲ್ಲ, ವಿಶ್ವವಿದ್ಯಾಲಯವೇ ಅವರ ಬಳಿಗೆ ಬಂತು. ದಾದಾಬ್ ಪಟ್ಟಣದಲ್ಲಿ ಒಂದು ಕಲಿಕಾ ಕೇಂದ್ರ, ಉಳಿದದ್ದು ಇಂಟರ್‌ನೆಟ್ ಮೂಲಕ. ಶಿಬಿರದವರ ಜೊತೆ ಅದೇ ಊರಿನ ಕೀನ್ಯಾದವರೂ ಕುಳಿತು ಓದಿದರು. ಮೊದಲು ತಯಾರಿಯ ಪಾಠ, ಅನಂತರ ಸರ್ಟಿಫಿಕೇಟ್, ಡಿಪ್ಲೊಮಾ, ಪದವಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ವ್ಯವಸ್ಥೆ. ನಡುವೆ ನಿಲ್ಲಿಸಬೇಕಾಗಿ ಬಂದರೂ ಅಲ್ಲಿಯ ತನಕ ಓದಿದ್ದು ವ್ಯರ್ಥವಾಗುವುದಿಲ್ಲ. ಮುಂದೆ ಯಾರ್ಕ್‌ನ ಶಿಕ್ಷಣ ಶಾಸ್ತ್ರದ ಸ್ನಾತಕೋತ್ತರ ಪದವಿಯನ್ನೂ ಅಲ್ಲಿದ್ದುಕೊಂಡೇ ಪಡೆಯುವಂತಾಯಿತು.

ಆದರೆ ಅಲ್ಲಿ ಹೆಣ್ಣುಮಕ್ಕಳು ಕಡಿಮೆ. ಕಾರಣ ನಿಮಗೆ ಹೊಸದಲ್ಲ. ನೀರು ತರಬೇಕು, ಕಟ್ಟಿಗೆ ತರಬೇಕು, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು. ಕಟ್ಟಿಗೆಗೆಂದು ಕುರುಚಲು ಕಾಡಿಗೆ ಹೋದ ಹೆಂಗಸರ ಮಾನಕ್ಕೆ ಕೈಹಾಕಿದ ಪ್ರಕರಣಗಳು 1990ರ ದಶಕದಲ್ಲೇ ದಾಖಲಾಗಿವೆ. ಹುಡುಗಿ ದೊಡ್ಡವಳಾದೊಡನೆ ಮದುವೆಯ ಮಾತು. ಮನೆಗೆಲಸದ ನಡುವೆ ಓದಿದವಳ ಅಂಕಗಳು ಕಡಿಮೆ. ಐದನೆಯ ತರಗತಿಯಲ್ಲೇ ಜಾರಿಹೋದ ಹುಡುಗಿಯನ್ನು ವಿಶ್ವವಿದ್ಯಾಲಯದ ಬಾಗಿಲಲ್ಲಿ ಹುಡುಕಿದರೆ ಸಿಕ್ಕಾಳೇ? ಅದಕ್ಕೇ ಅಲ್ಲಿ ಒಬ್ಬ ಶಿಕ್ಷಕಿ ಪದವಿ ಪಡೆಯುವುದು ಅಷ್ಟು ಮುಖ್ಯ. ಅವಳನ್ನು ಕಂಡ ತಾಯಂದಿರು ತಮ್ಮ ಮಗಳನ್ನು ಇನ್ನೊಂದು ವರ್ಷ ಶಾಲೆಯಲ್ಲಿ ಉಳಿಸಲು ಧೈರ್ಯ ಮಾಡುತ್ತಾರೆ.

ಪದವಿಯ ನಂತರ ಸಂಶೋಧನೆ. "ಸಂಶೋಧನೆ ಇವರಿಗೇಕೆ?" ಎಂದು ಕೇಳಬೇಡಿ. ನಿರಾಶ್ರಿತರ ಬಗ್ಗೆ ರಾಶಿ ರಾಶಿ ವರದಿಗಳು ಬಂದಿವೆ, ಬರೆದವರು ಹೆಚ್ಚಾಗಿ ಹೊರಗಿನವರು. ಸಮೀಕ್ಷೆಯವರು "ಮನೆಯಲ್ಲಿ ಎಷ್ಟು ಜನ?" ಎಂದು ಕೇಳಿದರೆ ಶಿಬಿರದ ತಾಯಿಗೆ ಅದು ಬರಿಯ ಲೆಕ್ಕವಲ್ಲ, ಪಡಿತರದ ಪ್ರಶ್ನೆ. ಹುಡುಗಿ ಯಾಕೆ ಶಾಲೆ ಬಿಟ್ಟಳೆಂದು ನಾಲ್ಕು ಜನರೆದುರು ಕೇಳಿದರೆ, "ಅವಳಿಗೇ ಓದು ಬೇಡವಾಯಿತು" ಎಂಬ ಉತ್ತರ ಬರುತ್ತದೆ. ಅದು ಹಾಗೆಯೇ ವರದಿಯಲ್ಲಿ ಸೇರುತ್ತದೆ, ಅದರ ಮೇಲೆ ಯೋಜನೆ ತಯಾರಾಗುತ್ತದೆ. ಅದೇ ಶಿಬಿರದಲ್ಲಿ ಬೆಳೆದವಳಿಗಾದರೋ ಯಾರಿಲ್ಲದಾಗ ಕೇಳಬೇಕು, ಯಾವುದನ್ನು ಕೇಳಲೇಬಾರದು ಎಂದು ತಿಳಿದಿರುತ್ತದೆ. ಆದರೆ ತಿಳಿದಿದ್ದರೆ ಸಾಲದು. ಪ್ರಶ್ನೆಯನ್ನು ರೂಪಿಸುವುದು, ಒಪ್ಪಿಗೆ ಪಡೆಯುವುದು, ಹೇಳಿದವರ ಹೆಸರನ್ನು ಕಾಪಾಡುವುದು, ತನ್ನ ಊಹೆಯನ್ನೇ ಶಂಕಿಸಿ ನೋಡುವುದು ಇವನ್ನೆಲ್ಲ ಕಲಿಯಬೇಕು. ಸಂಶೋಧನಾ ತರಬೇತಿಯೆಂದರೆ ಇದೇ.

ದಾದಾಬ್‌ನಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದ ಕೆಲವರು ತಮ್ಮದೇ ಸಂಘ ಕಟ್ಟಿಕೊಂಡಿದ್ದಾರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ಹ್ಯಾರೆಲ್ ಬಾಂಡ್ ಎಂಬ ವಿದುಷಿ 1982ರಲ್ಲಿ ನಿರಾಶ್ರಿತರ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದ್ದರು. ನಿರಾಶ್ರಿತರನ್ನು ಬರಿಯ ಕೈಚಾಚುವವರಂತೆ ಕಾಣಬಾರದೆಂದು ಆಕೆ ಬದುಕಿನುದ್ದಕ್ಕೂ ವಾದಿಸಿದರು. ಇಂದು ಅದೇ ಕೇಂದ್ರದ ಆಶ್ರಯದಲ್ಲಿ ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ನಿರಾಶ್ರಿತರೇ ಮುಂದಾಳುಗಳಾಗಿರುವ ಸಂಶೋಧನಾ ಕೇಂದ್ರವೊಂದು ನಡೆಯುತ್ತಿದೆ. ಸ್ಥಳಾಂತರದ ನೋವುಂಡವರಿಗೆ ಸಂಶೋಧನೆ ಕಲಿಸುವುದು, ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಲು ಸಿದ್ಧಗೊಳಿಸುವುದು ಅದರ ಕೆಲಸ. ನಿನ್ನೆ ಸಮೀಕ್ಷೆಗೆ ಉತ್ತರ ಹೇಳುತ್ತಿದ್ದವರು ಇಂದು ಪ್ರಶ್ನೆಗಳನ್ನು ಬರೆಯುತ್ತಿದ್ದಾರೆ.

ಇದು ದೂರದ ಆಫ್ರಿಕಾದ ಮಾತೆಂದು ಪುಟ ತಿರುವಬೇಡಿ. ಉತ್ತರ ಕನ್ನಡದ ಮುಂಡಗೋಡಿನಲ್ಲೂ, ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲೂ ಟಿಬೆಟಿನ ನಿರಾಶ್ರಿತರಿದ್ದಾರೆ. ಅವರು ತಮ್ಮ ಹಳೆಯ ವಿದ್ಯಾಕೇಂದ್ರಗಳನ್ನು ನಮ್ಮ ಮಣ್ಣಿನಲ್ಲಿ ತಾವೇ ಮತ್ತೆ ಕಟ್ಟಿಕೊಂಡರು. ಅವರ ಅತ್ಯುನ್ನತ ಧಾರ್ಮಿಕ ಪದವಿ ಶತಮಾನಗಳಿಂದ ಗಂಡಸರದಾಗಿತ್ತು. 2016ರ ಡಿಸೆಂಬರ್‌ನಲ್ಲಿ ಅದೇ ಮುಂಡಗೋಡಿನಲ್ಲಿ 20 ಸನ್ಯಾಸಿನಿಯರು ಆ ಪದವಿ ಪಡೆದರು. ತಾಯ್ನಾಡಿನಲ್ಲಿ ಹೆಣ್ಣಿಗೆ ಸಿಗದಿದ್ದ ಪದವಿ ಪರದೇಶದಲ್ಲಿ ದಕ್ಕಿತು!

ಆದರೂ ದಾರಿ ಇನ್ನೂ ಉದ್ದವಿದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಪ್ರಕಾರ 2019ರಲ್ಲಿ ನಿರಾಶ್ರಿತ ಯುವಜನರಲ್ಲಿ ನೂರಕ್ಕೆ 3 ಮಂದಿ ಮಾತ್ರ ಕಾಲೇಜು ಮೆಟ್ಟಿಲು ಹತ್ತಿದ್ದರು. 2024ರ ವರದಿಯಲ್ಲಿ ಅದು 7 ಆಯಿತು. 2030ಕ್ಕೆ 15 ಆಗಬೇಕೆಂಬುದು ಗುರಿ. ಇತ್ತ ದಾದಾಬನ್ನು ಮುಚ್ಚುವುದಾಗಿ ಕೀನ್ಯಾ ಸರಕಾರ 2016ರಲ್ಲಿ ಹೇಳಿತು. 2017ರಲ್ಲಿ ಅಲ್ಲಿನ ಹೈಕೋರ್ಟ್ ತಡೆಯಿತು. 2021ರಲ್ಲಿ ಮತ್ತೆ ಅದೇ ಮಾತು ಬಂತು. 2025ರಲ್ಲಿ ನೆರವಿನ ಹಣ ಕುಗ್ಗಿ ಪಡಿತರವೂ ಕಡಿತಗೊಂಡಿತು. ಡೇರೆ ಕಿತ್ತುಕೊಂಡು ಹೋಗಬಹುದು, ಪಡಿತರ ನಿಲ್ಲಬಹುದು. ಕಲಿತ ವಿದ್ಯೆಯನ್ನು ಮಾತ್ರ ಯಾವ ಗಡಿಯಲ್ಲೂ ಯಾರೂ ಇಳಿಸಿಕೊಳ್ಳಲಾರರು.

ಸಹೋದರಿಯರೇ, ನಮ್ಮಲ್ಲಿ ಹಲವರಿಗೆ ತಲೆಯ ಮೇಲೆ ಭದ್ರವಾದ ಸೂರಿದೆ, ಊರಲ್ಲೇ ಕಾಲೇಜಿದೆ. ಆದರೂ "ಮೊದಲು ತಮ್ಮನ ಓದು ಮುಗಿಯಲಿ, ಮೊದಲು ಮದುವೆಯಾಗಲಿ" ಎನ್ನುತ್ತಾ ಎಷ್ಟು ಹೆಣ್ಣುಮಕ್ಕಳ ಪುಸ್ತಕವನ್ನು ನಾವು ಮಡಚಿಡುತ್ತೇವೆ? ಪಿ.ಯು.ಸಿ.ಗೆ ನಿಂತವಳೊಬ್ಬಳು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇರಬಹುದು. ಈ ತಿಂಗಳು ಅವಳ ಬಳಿ ಕುಳಿತು, ಮುಂದೆ ಏನು ಓದುವ ಮನಸ್ಸಿದೆ ಎಂದು ಕೇಳಿ. ಅರ್ಜಿ ತುಂಬಲು ಜೊತೆಗೆ ಹೋಗಿ. ಸೂರಿಲ್ಲದವರು ಓದುತ್ತಿರುವಾಗ, ಸೂರಿನ ಕೆಳಗಿದ್ದವಳು ಓದು ಬಿಟ್ಟು ಕೂರಬಾರದಲ್ಲವೇ?