ಸುರುಳಿ ಏಕೆ ಸುತ್ತಿದೆ?

ಕಾಯಿಲ್ ಎಂಬ ಮಾತನ್ನು ಕೇಳದವರು ಇಂದು ಕನ್ನಡನಾಡಿನಲ್ಲಿ ವಿರಳ. ಸಂಜೆಯಾಗುತ್ತಲೆ ಸೊಳ್ಳೆಯ ಕಾಟಕ್ಕಾಗಿ ಹಚ್ಚಿಡುವುದು ಕಾಯಿಲ್. ಬೆಳಗಿನ ಸ್ನಾನಕ್ಕೆಂದು ಬಕೆಟ್ಟಿನ ನೀರಿನಲ್ಲಿ ಇಳಿಬಿಡುವುದು ಕಾಯಿಲ್. ಬಾವಿಯ ಪಂಪು ನಿಂತುಹೋದರೆ ರೈತನು ಮೋಟರನ್ನು ಪೇಟೆಗೆ ತಂದು ಕಟ್ಟಿಸುವುದೂ ಕಾಯಿಲ್. ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ಸುರುಳಿ ಎಂಬ ಅಚ್ಚಗನ್ನಡದ ಹೆಸರುಂಟು. ಹೆಸರು ಯಾವುದಾದರೂ ಆಗಲಿ, ಒಂದೇ ಹೆಸರಿನ ಅಡಿಯಲ್ಲಿ ಇಷ್ಟೊಂದು ಬಗೆಯ ವಸ್ತುಗಳು ಬಂದು ಸೇರಿರುವುದರಿಂದ, ಆಕಾರವು ಒಂದಾದರೆ ಕೆಲಸವೂ ಒಂದೇ ಎಂಬ ತಪ್ಪು ಗ್ರಹಿಕೆಯು ವಿದ್ಯಾರ್ಥಿಗಳಲ್ಲಿಯೂ ಗೃಹಸ್ಥರಲ್ಲಿಯೂ ಬೇರೂರಿದೆ ಎಂದು ನಮಗೆ ತೋರುತ್ತದೆ. ಇದನ್ನು ಬರಿಯ ಪದಗಳ ಜಗಳವೆಂದು ತಳ್ಳಿಹಾಕುವಂತಿಲ್ಲ. ಈ ಗ್ರಹಿಕೆಯಿಂದ ತಂತಿ ಸುಡುತ್ತದೆ, ಹಣ ಹಾಳಾಗುತ್ತದೆ, ಒಮ್ಮೊಮ್ಮೆ ಮನೆಗೆ ಬೆಂಕಿಯೂ ತಗಲಬಹುದು. ಸುರುಳಿಯನ್ನು ಕಂಡಲ್ಲೆಲ್ಲ "ಇದನ್ನು ಏಕೆ ಸುತ್ತಿದ್ದಾರೆ?" ಎಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಂಡರೆ ಈ ಅನರ್ಥವು ತಪ್ಪುತ್ತದೆ ಎಂಬುದು ನಮ್ಮ ವಾದ.

ಮೊದಲು ಮಾತಿನ ವಿಚಾರವನ್ನು ನೋಡೋಣ. ಇಂಗ್ಲಿಷಿನ ಕಾಯಿಲ್ ಶಬ್ದವು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದುದೆಂದೂ, ಒಟ್ಟುಗೂಡಿಸುವುದು ಎಂಬುದೇ ಅದರ ಮೂಲಾರ್ಥವೆಂದೂ ನಿಘಂಟುಕಾರರು ಹೇಳುತ್ತಾರೆ. ಉದ್ದನೆಯ ಹಗ್ಗವನ್ನು ಸುತ್ತುಸುತ್ತಾಗಿ ಒಂದೆಡೆ ಕೂಡಿಸಿಡುವುದು ಎಂಬ ಅರ್ಥದಿಂದ ಹೊರಟ ಮಾತು ಮುಂದೆ ತಂತಿಗೂ ಕೊಳವೆಗೂ ಹಬ್ಬಿತು. ಹ್ಯಾಮ್ಲೆಟ್ ನಾಟಕದ ಪ್ರಸಿದ್ಧವಾದ ಸ್ವಗತದಲ್ಲಿ ಬರುವ ಇದೇ ರೂಪದ ಮಾತಿಗಾದರೋ ಸುತ್ತಿಗೆ ಸಂಬಂಧವೇ ಇಲ್ಲ. ಅಲ್ಲಿ ಅದರ ಅರ್ಥ ಗದ್ದಲ, ಜಂಜಾಟ.

ಈ ವಿಷಯದಲ್ಲಿ ನಮ್ಮ ಜನರ ಆಡುಮಾತು ಹೆಚ್ಚು ವಿವೇಚನೆಯುಳ್ಳದ್ದು. ಹಾವು ಸುತ್ತಿಕೊಂಡು ಮಲಗಿದರೆ ಅದು ಸಿಂಬೆ. ತಲೆಯ ಮೇಲೆ ಕೊಡವು ಅಲುಗದಂತೆ ಇಡುವ ಬಟ್ಟೆಯ ಸುತ್ತೂ ಸಿಂಬೆ. ಚಾಪೆಯನ್ನು ಸುತ್ತಿಟ್ಟರೆ ಸುರುಳಿ. ಎಳೆಗಳನ್ನು ಕೂಡಿಸಿ ಹೊಸೆದರೆ ಹುರಿ. ಹೊಳೆಯ ನೀರು ತನ್ನಲ್ಲಿಯೇ ತಿರುಗಿದರೆ ಸುಳಿ. ಇಂಗ್ಲೆಂಡಿನ ಹೆಂಗಸರು ಕಾಯಿಲ್ ಎಂದು ಕರೆಯುವ ಸಂತಾನನಿಯಂತ್ರಣದ ಸಾಧನಕ್ಕೆ ನಮ್ಮವರು ತೋಳಿನ ಆಭರಣದ ಹೆಸರನ್ನು ಕೊಟ್ಟು ವಂಕಿ ಎಂದರು. ವಸ್ತುವಿನ ರೂಪವನ್ನೂ ಬಳಕೆಯನ್ನೂ ನೋಡಿ ಹೆಸರಿಡುವ ಈ ಜಾಣತನವು ಹಳ್ಳಿಯ ಮಾತಿನಲ್ಲಿ ಇದೆ. ವಿಜ್ಞಾನವನ್ನು ಬರೆಯುವ ನಾವು ಅದನ್ನು ಮರೆತಿದ್ದೇವೆ.

ಈಗ ವಸ್ತುಗಳನ್ನೇ ಒಂದೊಂದಾಗಿ ಪರೀಕ್ಷಿಸೋಣ. ಸೊಳ್ಳೆಯ ಬತ್ತಿಯನ್ನು ಏಕೆ ಸುತ್ತಿದ್ದಾರೆ? ಜಪಾನಿನ ಎಯಿಚಿರೋ ಉಯೆಯಾಮಾ ಎಂಬವರು 1890ರಲ್ಲಿ ಪೈರೆತ್ರಮ್ ಹೂವಿನ ಪುಡಿಯಿಂದ ಇಂಥ ಬತ್ತಿಯನ್ನು ತಯಾರಿಸಿದಾಗ ಅದು ಊದುಬತ್ತಿಯಂತೆ ನೆಟ್ಟಗಿತ್ತು. ಸುಮಾರು 40 ನಿಮಿಷಗಳಲ್ಲಿ ಉರಿದು ಮುಗಿಯುತ್ತಿತ್ತು. ಉದ್ದ ಮಾಡೋಣವೆಂದರೆ ಬತ್ತಿ ಮುರಿಯುತ್ತದೆ. ಅದನ್ನು ಸುತ್ತಿನ ಆಕಾರದಲ್ಲಿ ಮಾಡಬಹುದೆಂದು 1895ರಲ್ಲಿ ಸೂಚಿಸಿದವರು ಅವರ ಪತ್ನಿ ಯೂಕಿ. 1902ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಸುಮಾರು 75 ಸೆಂಟಿಮೀಟರು ಉದ್ದದ ಬತ್ತಿಯು ಅಂಗೈಯಗಲದ ಜಾಗದಲ್ಲಿ ಅಡಗಿ, 7 ಗಂಟೆಗಳಷ್ಟು ಕಾಲ, ಎಂದರೆ ಮನುಷ್ಯನ ಒಂದು ನಿದ್ರೆಯಷ್ಟು ಕಾಲ, ಉರಿಯತೊಡಗಿತು. ಇಲ್ಲಿ ಸುತ್ತಿನಿಂದ ದೊರೆತ ಲಾಭ ಉದ್ದವೊಂದೇ. ವಿದ್ಯುತ್ತಿಗೂ ಕಾಂತಕ್ಕೂ ಇಲ್ಲಿ ಏನೂ ಕೆಲಸವಿಲ್ಲ.

ವಿದ್ಯುತ್ತಿನ ಒಲೆಯ ಕಾಯಿಲಿನ ಕಥೆಯೂ ಹೆಚ್ಚು ಕಡಿಮೆ ಇದೇ. ನಮ್ಮ ಮನೆಗಳ 230 ವೋಲ್ಟಿನಲ್ಲಿ 1,000 ವಾಟಿನ ಒಲೆಯು ಕೆಲಸ ಮಾಡಬೇಕಾದರೆ ಅದರ ತಂತಿಯ ರೋಧವು ಸುಮಾರು 53 ಓಮ್ ಇರಬೇಕು. ಅರ್ಧ ಮಿಲಿಮೀಟರು ದಪ್ಪದ ನೈಕ್ರೋಮ್ ತಂತಿಯಿಂದ ಅಷ್ಟು ರೋಧವನ್ನು ಪಡೆಯಲು ಲೆಕ್ಕ ಹಾಕಿದರೆ 9 ಮೀಟರಿಗೂ ಮಿಕ್ಕ ಉದ್ದವು ಬೇಕಾಗುತ್ತದೆ. ಅದನ್ನು ನೆಟ್ಟಗೆ ಎಳೆದರೆ ನಡುಮನೆಯಿಂದ ಹಿತ್ತಿಲಿಗೆ ಹೋದೀತು. ಆದುದರಿಂದ ಸುತ್ತಿ ತಟ್ಟೆಯ ಗಾಡಿಯಲ್ಲಿ ಕೂರಿಸುತ್ತಾರೆ. ತಂತಿಯನ್ನು ಬಿಚ್ಚಿ ಹರಡಿದರೂ ಅದರಲ್ಲಿ ಹುಟ್ಟುವ ಒಟ್ಟು ಶಾಖವು ಹೆಚ್ಚು ಕಡಿಮೆ ಅಷ್ಟೇ. ಕಾವು ಒಂದೆಡೆ ಸೇರದು, ಅನ್ನ ಬೇಯದು, ಅಷ್ಟೇ ವ್ಯತ್ಯಾಸ.

ಮೋಟರಿನ ಕಾಯಿಲಿಗೆ ಬಂದೊಡನೆ ಮಾತೇ ಬೇರೆಯಾಗುತ್ತದೆ. ತಂತಿಯಲ್ಲಿ ವಿದ್ಯುತ್ತು ಹರಿದರೆ ಅದರ ಸುತ್ತ ಕಾಂತಕ್ಷೇತ್ರವು ಉಂಟಾಗುತ್ತದೆ ಎಂಬುದನ್ನು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಂಡುಹಿಡಿದರು. ಆದರೆ ಒಂದೇ ತಂತಿಯ ಬಲವು ಅತ್ಯಲ್ಪ. ನೆಟ್ಟನೆಯ ತಂತಿಯಲ್ಲಿ 1 ಆಂಪಿಯರು ಹರಿಯುತ್ತಿದ್ದರೆ, ಅದರಿಂದ ಒಂದು ಸೆಂಟಿಮೀಟರು ದೂರದಲ್ಲಿ ಇರುವ ಕ್ಷೇತ್ರವು ನಮ್ಮ ನಾಡಿನಲ್ಲಿ ಭೂಮಿಯ ಕಾಂತಕ್ಷೇತ್ರದ ಅರ್ಧದಷ್ಟು ಮಾತ್ರ. ಅದೇ ತಂತಿಯನ್ನು 10 ಸೆಂಟಿಮೀಟರು ಉದ್ದದ ಸಣ್ಣ ಕೊಳವೆಯ ಮೇಲೆ 500 ಸುತ್ತು ಸುತ್ತಿದರೆ ಒಳಗಿನ ಕ್ಷೇತ್ರವು ಭೂಮಿಯದಕ್ಕಿಂತ 150 ಪಟ್ಟು ಮೀರುತ್ತದೆ. ಒಂದೊಂದು ಸುತ್ತೂ ತನ್ನ ಪಾಲಿನ ಬಲವನ್ನು ತಂದು ಕೂಡಿಸುತ್ತದೆ. ಕಾಯಿಲ್ ಎಂಬುದರ ಮೂಲಾರ್ಥವಾದ ಒಟ್ಟುಗೂಡಿಸುವಿಕೆಯು ನಿಜವಾಗಿ ಸಾರ್ಥಕವಾಗಿರುವುದು ಇಲ್ಲಿಯೇ.

ಹೀಗೆ ಕೂಡಿಸಬೇಕಾದರೆ ಸುತ್ತುಗಳು ಒತ್ತೊತ್ತಾಗಿರಬೇಕು, ಆದರೂ ವಿದ್ಯುತ್ತು ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ ನೆಗೆಯಬಾರದು. ಬ್ರಿಟನ್ನಿನ ಸ್ಟರ್ಜನ್ 1825ರಲ್ಲಿ ಮಾಡಿದ ವಿದ್ಯುತ್ಕಾಂತದಲ್ಲಿ ತಂತಿಯು ಬರಿದಾಗಿದ್ದುದರಿಂದ ಸುತ್ತುಗಳನ್ನು ದೂರದೂರ ಇಡಬೇಕಾಯಿತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆಯನ್ನು ಸುತ್ತಿ, ಪದರದ ಮೇಲೆ ಪದರವಾಗಿ ಸುತ್ತುಗಳನ್ನು ಕಟ್ಟಿ, 1831ರ ವೇಳೆಗೆ 2,000 ಪೌಂಡು ಭಾರವನ್ನು ಎತ್ತುವ ಕಾಂತವನ್ನು ನಿರ್ಮಿಸಿದರು. ಅದೇ ವರ್ಷದ ಆಗಸ್ಟ್ 29ರಂದು ಫ್ಯಾರಡೆಯವರು ಕಬ್ಬಿಣದ ಬಳೆಯ ಮೇಲೆ ಎರಡು ಸುರುಳಿಗಳನ್ನು ಸುತ್ತಿ, ಒಂದರಲ್ಲಿ ವಿದ್ಯುತ್ತನ್ನು ಹರಿಯಿಸಿದಾಗಲೂ ನಿಲ್ಲಿಸಿದಾಗಲೂ ಮತ್ತೊಂದರಲ್ಲಿ ಕ್ಷಣಕಾಲ ವಿದ್ಯುತ್ತು ಹುಟ್ಟುವುದನ್ನು ಕಂಡರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಆ ಪ್ರಯೋಗದ ಫಲವೆಂದರೆ ತಪ್ಪಾಗದು.

ಇನ್ನೂ ಬೇರೆ ಕಾರಣಗಳುಂಟು. ಹಾಗಲದ ಬಳ್ಳಿಯ ನೂಲಿನಂಥ ಕುಡಿಯು ಆಸರೆಯನ್ನು ಹಿಡಿದುಕೊಂಡ ಮೇಲೆ ಸುರುಳಿಗೊಳ್ಳುತ್ತದೆ. ಗಾಳಿ ಬೀಸಿದಾಗ ಅದು ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗಿ ಬಳ್ಳಿಯನ್ನು ಕಾಪಾಡುತ್ತದೆ. ನಮ್ಮ ಚರ್ಮಕ್ಕೂ ಮೂಳೆಗೂ ಗಟ್ಟಿತನವನ್ನು ಕೊಡುವ ಕೊಲಾಜನ್ ಎಂಬ ಪ್ರೋಟೀನಿನಲ್ಲಿ ಮೂರು ಎಳೆಗಳು ಹುರಿಗೊಂಡಿವೆ. ಬೆಂಗಳೂರಿನಲ್ಲಿ ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಗೋಪಿನಾಥ್ ಕರ್ತಾ ಅವರೊಡನೆ ಮದರಾಸಿನಲ್ಲಿ 1954-55ರಲ್ಲಿ ಈ ರಚನೆಯನ್ನು ಬಿಡಿಸಿ ತೋರಿಸಿದರು. ಒಂದೊಂದು ಎಳೆಯೂ ಎಡಕ್ಕೆ ತಿರುಚಿಕೊಂಡಿದ್ದರೆ ಮೂರೂ ಕೂಡಿದ ಹುರಿಯು ಬಲಕ್ಕೆ ತಿರುಚಿಕೊಂಡಿರುತ್ತದೆ. ಹಗ್ಗ ಹೊಸೆಯುವವನೂ ಎಳೆಯನ್ನು ಒಂದು ಕಡೆಗೆ ತಿರುಚಿ, ಎಳೆಗಳನ್ನು ಕೂಡಿಸುವಾಗ ಇನ್ನೊಂದು ಕಡೆಗೆ ತಿರುಚುತ್ತಾನೆ; ಹಾಗಿದ್ದರೇ ಹಗ್ಗವು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಉದ್ದಕ್ಕಾಗಿ ಒಂದು, ಕಾವನ್ನು ಒಂದೆಡೆ ಸೇರಿಸಲು ಇನ್ನೊಂದು, ಕಾಂತಬಲಕ್ಕಾಗಿ ಮತ್ತೊಂದು, ಹಿಗ್ಗಿ ಕುಗ್ಗಲು ಒಂದು, ಬಿಗಿತಕ್ಕಾಗಿ ಒಂದು. ಕಾರಣಗಳು ಇಷ್ಟಿರುವಾಗ ಒಂದೇ ಹೆಸರನ್ನು ನಂಬಿ ನಡೆದರೆ ಏನಾಗುತ್ತದೆ?

"ಮೋಟರಿನ ಕಾಯಿಲ್ ಸುಟ್ಟಿತು" ಎಂದಾಗ ತಾಮ್ರವೇ ಉರಿದುಹೋಯಿತೆಂದು ಹಲವರು ತಿಳಿಯುತ್ತಾರೆ. ಸಾಮಾನ್ಯವಾಗಿ ಮೊದಲು ಸುಡುವುದು ತಾಮ್ರದ ಮೇಲಿನ ಮೆರುಗೆಣ್ಣೆಯಂಥ ತೆಳುಲೇಪ. ಹೆನ್ರಿಯ ರೇಷ್ಮೆಯ ಕೆಲಸವನ್ನು ಇಂದು ಮಾಡುತ್ತಿರುವುದು ಆ ಲೇಪವೇ. ಅದು ಕರಿದಾದರೆ ಸುತ್ತಿಗೆ ಸುತ್ತು ತಗಲಿ, ತಂತಿ ಇದ್ದರೂ ಸುರುಳಿ ಇಲ್ಲದಂತಾಗುತ್ತದೆ. ವೋಲ್ಟೇಜು ತೀರ ಇಳಿದಿರುವಾಗ, ಇಲ್ಲವೆ ಮೂರು ಫೇಸುಗಳಲ್ಲಿ ಒಂದು ಹೋಗಿರುವಾಗ ಪಂಪನ್ನು ಓಡಿಸಿದರೆ ಸುತ್ತುಗಳಲ್ಲಿ ಪ್ರವಾಹವು ಹೆಚ್ಚಿ ಲೇಪವು ಬೇಯುತ್ತದೆ. ಒಲೆಯ ಕಾಯಿಲಿಗೆ ವೋಲ್ಟೇಜು ಇಳಿದರೆ ಅಪಾಯವಿಲ್ಲ, ಕಾವು ಕಡಿಮೆಯಾಗುತ್ತದೆ ಅಷ್ಟೆ. ಕಾಯಿಲಿಗೆಲ್ಲ ಒಂದೇ ನ್ಯಾಯವೆಂದು ಎಣಿಸುವ ರೈತನು, ಕರೆಂಟು ಕಡಿಮೆಯಿದ್ದರೆ ನೀರು ಕಡಿಮೆ ಬಂದೀತು, ಬಿಡು ಎನ್ನುತ್ತಾನೆ. ಒಂದು ಮಧ್ಯಾಹ್ನದಲ್ಲಿ ಸಾವಿರಾರು ರೂಪಾಯಿಗಳ ನಷ್ಟವನ್ನು ಅನುಭವಿಸುತ್ತಾನೆ.

ಒಲೆಯ ತಂತಿ ತುಂಡಾದಾಗ ತುದಿಯನ್ನು ಕತ್ತರಿಸಿ ಮತ್ತೆ ಹೆಣೆಯುವುದು ಎಷ್ಟೋ ಮನೆಗಳ ರೂಢಿ. ಸುರುಳಿ ಇನ್ನೂ ಸುರುಳಿಯಾಗಿಯೇ ಕಾಣುತ್ತಿರುವುದರಿಂದ ಏನೂ ಕೆಡಲಿಲ್ಲವೆಂಬ ಭಾವನೆ. ಆದರೆ ಅಲ್ಲಿ ಮುಖ್ಯವಾದುದು ಉದ್ದ. ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ 1,000 ವಾಟಿನ ಒಲೆಯು 1,100 ವಾಟನ್ನು ಮೀರುತ್ತದೆ. ತಂತಿ ಇನ್ನಷ್ಟು ಕೆಂಪೇರಿ ಇನ್ನಷ್ಟು ಬೇಗ ತುಂಡಾಗುತ್ತದೆ.

ಮೂರನೆಯ ಉದಾಹರಣೆ ಎಲ್ಲಕ್ಕಿಂತ ಅಪಾಯಕರವಾದುದು. ಉದ್ದನೆಯ ಎಕ್ಸ್‌ಟೆನ್ಷನ್ ತಂತಿಯನ್ನು ಸುತ್ತಿಟ್ಟ ಹಾಗೆಯೇ ಬಿಟ್ಟು, ಅದರ ತುದಿಗೆ ನೀರು ಕಾಯಿಸುವ ಹೀಟರನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಜೋಡಿಸಿದರೆ ಒಳಸುತ್ತುಗಳ ಹೊದಿಕೆ ಕರಗಿ ಬೆಂಕಿ ಹತ್ತಬಹುದು. ಕಾರಣವೇನೆಂದು ಪದವಿ ತರಗತಿಯ ವಿದ್ಯಾರ್ಥಿಗಳನ್ನು ಕೇಳಿದರೂ "ಸುತ್ತಿರುವುದರಿಂದ ಅದು ವಿದ್ಯುತ್ಕಾಂತವಾಗಿಬಿಡುತ್ತದೆ" ಎಂಬ ಉತ್ತರವೇ ಬಹುಮಟ್ಟಿಗೆ ಬರುತ್ತದೆ. ಇದು ತಪ್ಪು. ಆ ಹೊದಿಕೆಯೊಳಗೆ ಹೋಗುವ ತಂತಿಯೂ ಬರುವ ತಂತಿಯೂ ಜೊತೆಯಾಗಿವೆ. ಎರಡರ ಪ್ರವಾಹಗಳು ಎದುರುಬದುರಾಗಿರುವುದರಿಂದ ಒಂದರ ಕಾಂತಬಲವನ್ನು ಮತ್ತೊಂದು ಅಳಿಸಿಬಿಡುತ್ತದೆ. ನಿಜವಾದ ಕಾರಣವು ತೀರ ಸರಳ. ತಂತಿಯಲ್ಲಿ ಹುಟ್ಟಿದ ಶಾಖವು, ಸುತ್ತಿನ ಮೇಲೆ ಸುತ್ತು ಕಂಬಳಿಯಂತೆ ಹೊದ್ದಿರುವಾಗ, ಹೊರಗೆ ಹೋಗಲಾರದು. ಆದುದರಿಂದ ಹೆಚ್ಚು ವಾಟಿನ ಉಪಕರಣಗಳನ್ನು ಬಳಸುವಾಗ ಅಂಥ ತಂತಿಯನ್ನು ಪೂರ್ತಿಯಾಗಿ ಬಿಚ್ಚಿ ಹರಡಬೇಕು. ಸುರುಳಿ ಎಂದೊಡನೆ ಕಾಂತವನ್ನು ಮಾತ್ರ ನೆನೆಯುವಂತೆ ಕಲಿಸಿದ ಪಾಠಕ್ರಮವೇ ಇಲ್ಲಿ ದಾರಿ ತಪ್ಪಿಸಿದೆ.

ಇಂಡಕ್ಷನ್ ಒಲೆಯು ಈ ಗೊಂದಲಕ್ಕೆ ಹೊಸ ಸೇರ್ಪಡೆ. ಅದರಲ್ಲಿಯೂ ಕಾಯಿಲ್ ಇದೆ, ಅದರಿಂದಲೂ ಅಡುಗೆಯಾಗುತ್ತದೆ. ಆದರೆ ಆ ತಾಮ್ರದ ಸುರುಳಿಯು ತಾನು ತಣ್ಣಗಿರಬೇಕೆಂದು ಅದರ ಕೆಳಗೆ ಫ್ಯಾನನ್ನು ಇಟ್ಟಿರುತ್ತಾರೆ. ಸೆಕೆಂಡಿಗೆ 20,000 ಬಾರಿಗೂ ಮಿಕ್ಕು ಬದಲಾಗುವ ಕಾಂತಕ್ಷೇತ್ರವು ಪಾತ್ರೆಯ ತಳದಲ್ಲಿ ಸುಳಿಪ್ರವಾಹಗಳನ್ನು ಹುಟ್ಟಿಸಿ ಪಾತ್ರೆಯನ್ನೇ ಕಾಯಿಸುತ್ತದೆ. ಹಳೆಯ ಒಲೆಗೂ ಇದಕ್ಕೂ ಹೆಸರೊಂದೇ ಸಮಾನ.

ಆಕಾರದ ವಿಷಯದಲ್ಲಿಯೂ ಇದೇ ತೊಡಕು. ನಮ್ಮ ಪುಸ್ತಕಗಳಲ್ಲಿ ಆಕಾಶಗಂಗೆಯೂ ಸುರುಳಿ, ಡಿ.ಎನ್.ಎ. ಕೂಡ ಸುರುಳಿ. ಮೊದಲನೆಯದು ನಡುವಿನಿಂದ ಹೊರಹೊರಕ್ಕೆ ಅಗಲಿಸುತ್ತ ಹೋಗುವ ಚಪ್ಪಟೆ ಸುತ್ತು. ಎರಡನೆಯದು ಕಂಬಕ್ಕೆ ಬಳ್ಳಿ ಹಬ್ಬಿದಂತೆ ಅಗಲಿಸದೆ ಮೇಲೇರುವ ಸುತ್ತು. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರುಗಳಿವೆ. ನಾವೂ ಮೊದಲನೆಯದನ್ನು ಚಕ್ಕುಲಿಸುತ್ತು ಎಂದೂ ಎರಡನೆಯದನ್ನು ಬಳ್ಳಿಸುತ್ತು ಎಂದೂ ಕರೆದರೆ ಚಿತ್ರವಿಲ್ಲದೆಯೇ ಮಗುವಿಗೆ ಆಕಾರವು ತಿಳಿಯುತ್ತದೆ. ಕೆಲಸವನ್ನು ಸೂಚಿಸಬೇಕಾದಲ್ಲಿ ಕಾವುಸುರುಳಿ, ಕಾಂತಸುರುಳಿ ಎಂದು ಬಿಡಿಸಿ ಹೇಳಬಹುದು. ಎಳೆಗಳು ಹೆಣೆದುಕೊಂಡಿರುವಲ್ಲಿ ಹುರಿ ಎಂಬ ಮಾತು ಸಿದ್ಧವಾಗಿಯೇ ಇದೆ.

ಚಕ್ಕುಲಿಯ ಹೆಸರು ವಿಜ್ಞಾನದ ಘನತೆಗೆ ತಕ್ಕುದಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಕಿವಿಯೊಳಗಿನ ಸುತ್ತುಗೂಡಿಗೆ ಬಸವನಹುಳುವಿನ ಹೆಸರನ್ನಿಟ್ಟು ಪಾಶ್ಚಾತ್ಯರ ಅಂಗರಚನಾಶಾಸ್ತ್ರವು ತನ್ನ ಘನತೆಯನ್ನೇನೂ ಕಳೆದುಕೊಂಡಿಲ್ಲ. ಕಾಯಿಲ್ ಎಂಬ ಮಾತನ್ನೇ ಕಿತ್ತುಹಾಕಬೇಕೆಂಬ ಹಟವೂ ನಮಗಿಲ್ಲ. ಮೋಟರು ಕಟ್ಟುವ ಕುಶಲಕರ್ಮಿಯು ಅದನ್ನು ದಿನವೂ ಬಳಸುತ್ತಾನೆ, ಬಳಸಲಿ; ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ, ಯಾವ ದಿಕ್ಕು ಎಂಬುದನ್ನು ಬಲ್ಲ ಅವನಿಗೆ ಹೆಸರಿನಿಂದ ಮೋಸವಾಗುವುದಿಲ್ಲ. ಮೋಸವಾಗುವುದು ಹೆಸರನ್ನು ಮಾತ್ರ ಕಲಿತವರಿಗೆ.

ಆದುದರಿಂದ ಪಾಠ ಹೇಳುವವರಲ್ಲಿ ನಮ್ಮ ವಿನಂತಿ ಇಷ್ಟು. ಸುರುಳಿಯ ಪಾಠವನ್ನು ಸೂತ್ರದಿಂದ ಆರಂಭಿಸದೆ ಒಂದು ಸೊಳ್ಳೆಬತ್ತಿ, ಒಲೆಯ ಒಂದು ಹಳೆಯ ತಂತಿ, ಕೆಟ್ಟ ಫ್ಯಾನಿನಿಂದ ಬಿಚ್ಚಿದ ತಾಮ್ರದ ಸುತ್ತು, ಪೆನ್ನಿನ ಸ್ಪ್ರಿಂಗು, ಒಂದು ತುಂಡು ಹಗ್ಗ, ಇವನ್ನು ಮೇಜಿನ ಮೇಲಿಡಿ. ಪ್ರತಿಯೊಂದನ್ನೂ ಬಿಚ್ಚಿ ನೆಟ್ಟಗೆ ಮಾಡಿದರೆ ಏನು ನಷ್ಟವಾಗುತ್ತದೆ ಎಂದು ಮಕ್ಕಳನ್ನು ಕೇಳಿರಿ. ಈ ಪ್ರಶ್ನೆಗೆ ಐದೂ ವಸ್ತುಗಳು ಐದು ಬೇರೆ ಉತ್ತರಗಳನ್ನು ಕೊಡುತ್ತವೆ. ಅವನ್ನು ತಾನೇ ಕಂಡುಕೊಂಡ ಹುಡುಗಿಯು ಮುಂದೆ ತನ್ನ ಮನೆಯಲ್ಲಿ ಸುತ್ತಿಟ್ಟ ತಂತಿಗೆ ಹೀಟರು ಜೋಡಿಸಿರುವುದನ್ನು ಕಂಡರೆ, ಯಾರು ಹೇಳದಿದ್ದರೂ ಮೊದಲು ಸ್ವಿಚ್ಚನ್ನು ಆರಿಸಿ ಅದನ್ನು ಬಿಚ್ಚಿ ಹರಡುತ್ತಾಳೆ.