ಕೆಡುವ ಮುನ್ನವೇ ಬದಲಿಸಬೇಕೆ?

ಫೆಬ್ರವರಿಯ ನಡುವಿನಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದತ್ತ ಸಾಗುವ ವಾಹನಗಳಿಗೆ ಲೆಕ್ಕವಿಲ್ಲ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಂಬಿರುವ ಆ ಕ್ಷೇತ್ರಕ್ಕೆ ನೆರೆಯ ರಾಜ್ಯಗಳಿಂದಲೂ ಸಂಸಾರಸಮೇತರಾಗಿ ಬರುವವರುಂಟು. ಇಂಥ ದೂರದ ಯಾತ್ರೆಗೆ ಹೊರಡುವ ಮುನ್ನ ಕಾರನ್ನು ಮೆಕ್ಯಾನಿಕ್ಕನಿಗೆ ತೋರಿಸುವುದು ವಾಡಿಕೆ. "ಇಂಜಿನ್ನಿನ ಬೆಲ್ಟು ಹಳೆಯದಾಗಿದೆ, ಬದಲಿಸಿಬಿಡೋಣವೇ ಸ್ವಾಮಿ?" ಎಂದು ಆತ ಕೇಳಿದನೆಂದರೆ ಮನೆಯ ಯಜಮಾನರಿಗೆ ಧರ್ಮಸಂಕಟ. ಚೆನ್ನಾಗಿ ಓಡುತ್ತಿರುವ ಗಾಡಿಗೆ ಕೈಹಾಕುವುದೇಕೆ? ಆತ ಹೇಳುತ್ತಿರುವುದು ಗಾಡಿಯ ಹಿತವನ್ನೋ, ತನ್ನ ಗಲ್ಲಾಪೆಟ್ಟಿಗೆಯ ಹಿತವನ್ನೋ?

ಈ ಸಂಕಟ ಸಿರಿವಂತರನ್ನೂ ಬಿಟ್ಟಿಲ್ಲ. ಜರ್ಮನಿಯ ಪೋರ್ಷೆ ಕಂಪನಿಯು 1990ರ ದಶಕದ ಕೊನೆಯಿಂದ ಹೊರತಂದ ಹಲವು ಕ್ರೀಡಾಕಾರುಗಳ ಇಂಜಿನ್ನಿನಲ್ಲಿ ನಡುದಂಡವೊಂದಿತ್ತು. ಅದನ್ನು ಹೊತ್ತು ನಿಂತದ್ದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಬೇರಿಂಗು. ಅದು ಸವೆದು ಒಡೆದರೆ ಸರಪಳಿಗಳ ತಾಳ ತಪ್ಪುತ್ತದೆ. ಕವಾಟಗಳು ಪಿಸ್ಟನ್ನುಗಳಿಗೆ ಬಡಿದು ಇಡೀ ಇಂಜಿನ್ನೇ ಹಾಳಾಗುತ್ತದೆ. ಅಮೆರಿಕದ ಮಾಲೀಕರು ಹೂಡಿದ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. ಒಂದೇ ಸಾಲಿನ ಗುಂಡುಗಳಿದ್ದ ಬೇರಿಂಗು ನೂರರಲ್ಲಿ ಸುಮಾರು ಎಂಟು ಕಾರುಗಳಲ್ಲಿ ಕೆಟ್ಟಿತ್ತೆಂದೂ, ಎರಡು ಸಾಲಿನ ಹಳೆಯ ಬೇರಿಂಗು ನೂರರಲ್ಲಿ ಒಂದಕ್ಕಿಂತ ಕಡಿಮೆ ಕೆಟ್ಟಿತ್ತೆಂದೂ ಆ ದಾವೆಯ ಸಂದರ್ಭದಲ್ಲಿ ಹೊರಬಂದ ಲೆಕ್ಕ.

ಇಲ್ಲಿ ಸ್ವಲ್ಪ ಗಣಿತ ಬೇಕು. ಬೇರಿಂಗು ಬದಲಿಸಲು ಒಂದು ರೂಪಾಯಿ, ಇಂಜಿನ್ನು ಹೋದರೆ ಇಪ್ಪತ್ತು ರೂಪಾಯಿ ಎಂದು ಭಾವಿಸೋಣ. ನೂರು ಕಾರುಗಳಿಗೂ ಬದಲಿಸಿದರೆ ನೂರು ರೂಪಾಯಿ ಖರ್ಚು. ಬದಲಿಸದೆ ಎಂಟು ಕಾರುಗಳು ಕೆಟ್ಟರೆ ನಷ್ಟ ನೂರ ಅರವತ್ತು. ಒಂದೇ ಕೆಟ್ಟರೆ ಬರಿಯ ಇಪ್ಪತ್ತು. ಮೊದಲನೆಯದರಲ್ಲಿ ಬದಲಿಸುವುದು ಜಾಣತನ; ಎರಡನೆಯದರಲ್ಲಿ ದುಂದು. ಆದ್ದರಿಂದ "ಈ ಬಗೆಯ ಕಾರಿನದು ಕೆಡುತ್ತದಂತೆ" ಎಂಬ ಮಾತು ಸಾಲದು. ತನ್ನ ಕಾರಿನಲ್ಲಿರುವುದು ಯಾವುದು ಎಂಬುದನ್ನು ಮಾಲೀಕನು ತಿಳಿದಿರಬೇಕು. ಇನ್ನೊಂದು ವಿಷಯವೂ ಉಂಟು. ಆ ಬೇರಿಂಗನ್ನು ಮುಟ್ಟಬೇಕಾದರೆ ಗೇರುಪೆಟ್ಟಿಗೆಯನ್ನು ಕಳಚಲೇಬೇಕು. ಕ್ಲಚ್ಚು ಬದಲಿಸುವಾಗಲೂ ಅದೇ ಕೆಲಸ. ಒಂದೇ ಬಿಚ್ಚುವಿಕೆಯಲ್ಲಿ ಎರಡನ್ನೂ ಮುಗಿಸಿದರೆ ಕೂಲಿ ಉಳಿಯುತ್ತದೆ.

ಸಾಮಾನ್ಯ ಸಂಸಾರದ ಕಾರಿನಲ್ಲಿ ಇದಕ್ಕೆ ಸಮನಾದದ್ದು ಟೈಮಿಂಗ್ ಬೆಲ್ಟು. ಅನೇಕ ಇಂಜಿನ್ನುಗಳಲ್ಲಿ ಅದು ತುಂಡಾದರೆ ಆಗುವ ಅನಾಹುತವೂ ಅದೇ. ಬೆಲ್ಟಿನ ಆಯುಷ್ಯವನ್ನು ಕಂಪನಿಯ ಕೈಪಿಡಿ ಕಿಲೋಮೀಟರಿನಲ್ಲಿಯೂ ವರ್ಷದಲ್ಲಿಯೂ ಹೇಳಿರುತ್ತದೆ. ಯಾವುದು ಮೊದಲು ಬಂದರೂ ಅದೇ ಗಡುವು. ನಿಂತ ಕಾರಿನಲ್ಲಿಯೂ ರಬ್ಬರಿಗೆ ಮುಪ್ಪು ತಪ್ಪಿದ್ದಲ್ಲ. "ನಮ್ಮದು ಹೆಚ್ಚು ಓಡಿಲ್ಲ" ಎಂಬ ಸಮಾಧಾನ ಇಲ್ಲಿ ನಡೆಯದು. ಬೆಲ್ಟಿನ ಬದಲು ಸರಪಳಿಯಿರುವ ಕಾರುಗಳಿಗೆ ಈ ಗಡುವು ಅನ್ವಯಿಸುವುದಿಲ್ಲ.

ಸರಪಳಿಯೆಂದರೆ ಶಾಶ್ವತವೆಂದೂ ಅಲ್ಲ. ನ್ಯಾಮತಿಗೆ ನೆರೆಯ ಹೊನ್ನಾಳಿಯನ್ನು ಹಾದು ಹರಿಯುವ ತುಂಗಭದ್ರೆಯೇ ಇದಕ್ಕೆ ಸಾಕ್ಷಿ. ಕೆಳಗೆ ಹೊಸಪೇಟೆಯ ಅಣೆಕಟ್ಟಿನಲ್ಲಿ, 2024ರ ಆಗಸ್ಟ್ 10ರ ರಾತ್ರಿ, 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ರೈತರು ನೆಚ್ಚಿಕೊಂಡಿದ್ದ ನೀರು ಕಣ್ಣೆದುರಿನಲ್ಲಿಯೇ ನದಿಯ ಪಾಲಾಯಿತು. ತಜ್ಞರಾದ ಕನ್ನಯ್ಯನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟನ್ನು ಒಂದು ವಾರದಲ್ಲಿ ಕೂಡಿಸಲಾಯಿತು. ಬಳಿಕ ಎಲ್ಲ ಗೇಟುಗಳನ್ನೂ ಬದಲಿಸುವ ನಿರ್ಧಾರವಾಯಿತು. ಅದಕ್ಕಾಗಿ 2025ರಲ್ಲಿ ಎರಡನೆಯ ಬೆಳೆಗೆ ನೀರು ಬಿಡದಿರಲು ತೀರ್ಮಾನಿಸಲಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಸುಳ್ಳಲ್ಲ. ಆದರೆ ಮುಂಜಾಗ್ರತೆಯೂ ಪುಕ್ಕಟೆಯಲ್ಲ. ಒಂದು ಬೆಳೆಯನ್ನೇ ಬಿಟ್ಟುಕೊಟ್ಟ ರೈತನು ಅದರ ಬೆಲೆಯನ್ನು ಬಲ್ಲ.

ಹಾಗೆಂದು ಎಲ್ಲ ಬಿಡಿಭಾಗಗಳನ್ನೂ ಬದಲಿಸುತ್ತ ಕೂಡುವುದು ವಿವೇಕವಲ್ಲ. ಕಳಚಿ ಜೋಡಿಸುವಾಗ ಹೊಸ ದೋಷ ನುಸುಳುವುದೂ ಉಂಟು. ಯಜಮಾನರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಭಾಗ ಕೆಡುವ ಮುನ್ನ ಸದ್ದು ಮಾಡಿ ಎಚ್ಚರಿಸುತ್ತದೆಯೇ? ಕೆಟ್ಟರೆ ತಾನೊಂದೇ ಹೋಗುತ್ತದೆಯೋ, ಇಡೀ ಯಂತ್ರವನ್ನೇ ಕೊಂಡೊಯ್ಯುತ್ತದೆಯೋ? ಬೇರೆ ಕೆಲಸಕ್ಕಾಗಿ ಯಂತ್ರವನ್ನು ಬಿಚ್ಚುವ ಸಂದರ್ಭ ಸಮೀಪದಲ್ಲಿದೆಯೇ? ಬ್ರೇಕಿನ ಪ್ಯಾಡು ಸವೆದಾಗ ಕಿರುಗುಟ್ಟಿ ಹೇಳುತ್ತದೆ. ಅದನ್ನು ಆಗಾಗ ನೋಡಿಸಿ, ಸವೆದಾಗ ಬದಲಿಸಿದರಾಯಿತು. ಟೈಮಿಂಗ್ ಬೆಲ್ಟು ಎಷ್ಟೋ ವೇಳೆ ಏನನ್ನೂ ಹೇಳದೆ ತುಂಡಾಗುತ್ತದೆ. ಅದರ ಗಡುವನ್ನು ಮೀರಬಾರದು.

ಬದಲಿಸಿದ ದಿನ ಹಳೆಯ ಬೆಲ್ಟನ್ನು ಕೇಳಿ ಪಡೆದು ಕಣ್ಣಾರೆ ನೋಡುವುದು, ತಾರೀಖನ್ನೂ ಓಡಿದ ಕಿಲೋಮೀಟರನ್ನೂ ಕೈಪಿಡಿಯಲ್ಲಿ ಗುರುತು ಹಾಕಿಡುವುದು ಒಳ್ಳೆಯದು. ಮುಂದಿನ ಯಾತ್ರೆಯ ಹೊತ್ತಿಗೆ ಮೆಕ್ಯಾನಿಕ್ಕನ ಮಾತನ್ನು ಅನುಮಾನಿಸುವ ಅಗತ್ಯ ಆಗ ಬೀಳದು.