ಮಂದ್ರಸ್ವರವೂ ಮಿತವ್ಯಯವೂ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಮ್ಮ ಹಿರಿಯರು ಸಾಲ ಮಾಡುವವರನ್ನು ಕುರಿತೇ ಹೇಳಿದರೆಂದು ನಾವು ತಿಳಿದಿದ್ದೆವು. ಅದು ವಾದ್ಯ ಕೊಳ್ಳುವವರಿಗೂ ಅಷ್ಟೇ ಸಲ್ಲುತ್ತದೆಂಬುದು ಈ ವರ್ಷ ಮನವರಿಕೆಯಾಯಿತು. ನಮ್ಮ ಶಾಲೆಯ ಗಾಯನವೃಂದಕ್ಕೆ ಹಳೆಯ ವಿದ್ಯಾರ್ಥಿಯೊಬ್ಬರಿಂದ ಒಂದು ಬೇಸ್ ಗಿಟಾರ್ ದಾನವಾಗಿ ಬಂದಿದೆ. ಅದನ್ನು ಕಲಿಯಲು ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ಉತ್ಸಾಹದಿಂದ ಮುಂದೆ ಬಂದಿದ್ದಾನೆ. ಇಲ್ಲದಿರುವುದು ಅದರ ದನಿಯನ್ನು ಹೊರಗೆ ಕೇಳಿಸುವ ಆಂಪ್ಲಿಫಯರ್ ಮಾತ್ರ. ಅದಕ್ಕೆಂದು ಪಾಲಕರಿಂದಲೂ ಹಿತೈಷಿಗಳಿಂದಲೂ ಕೂಡಿಬಂದ ಹಣ ೧೨,೦೦೦ ರೂಪಾಯಿ. ಅದನ್ನು ಹೇಗೆ ವಿನಿಯೋಗಿಸಬೇಕೆಂಬಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯ ತಲೆದೋರಿರುವುದರಿಂದ, ನಮ್ಮ ಅಭಿಮತವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಮುಂಬಯಿಯ ಕನ್ನಡ ಶಾಲೆಗೆ ಈ ಪರದೇಶದ ವಾದ್ಯವೇಕೆ ಎಂದು ಕೆಲವರು ಕೇಳಿದ್ದಾರೆ. ಕರ್ನಾಟಕ ಸಂಗೀತದ ಪಿಟೀಲು ಎಲ್ಲಿಂದ ಬಂದಿತು? ನಾಟಕದ ಮೇಳದಲ್ಲಿ ಮೆರೆದ ಹಾರ್ಮೋನಿಯಂ ಎಲ್ಲಿಯದು? ಎರಡೂ ಯುರೋಪಿನವು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (೧೯೪೯–೨೦೧೯) ಸ್ಯಾಕ್ಸೊಫೋನಿನಲ್ಲಿ ರಾಗಾಲಾಪನೆ ಮಾಡಿ ಲೋಕವನ್ನೇ ತಲೆದೂಗಿಸಲಿಲ್ಲವೆ? ವಾದ್ಯಕ್ಕೆ ಜಾತಿಯಿಲ್ಲ; ನುಡಿಸುವವನ ಮನೋಧರ್ಮವೇ ಅದರ ಜಾತಿ. ರಾಜ್ಯೋತ್ಸವದ ಭಾವಗೀತೆಗೆ ಮಂದ್ರಸ್ಥಾಯಿಯ ಆಧಾರ ದೊರೆತರೆ ಗೀತೆಗೆ ಕುಂದಿಲ್ಲ. ತಂಬೂರಿಯ ಮಂದ್ರ ಷಡ್ಜವು ಗಾಯಕನಿಗೆ ಮಾಡುವ ಉಪಕಾರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ವಿಷಯಕ್ಕೆ ಬರೋಣ. ಅಮೆರಿಕೆಯ ಲಿಯೋ ಫೆಂಡರ್ ಎಂಬಾತನು ೧೯೫೧ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಾದ್ಯವನ್ನು ಹೊರತಂದನು. ಅದರ ಒಡಲು ಗಟ್ಟಿ ಮರದ್ದು. ವೀಣೆಯ ಕೊಡದಂತೆ ಟೊಳ್ಳಲ್ಲ. ಆದುದರಿಂದ ತಾನಾಗಿ ಅದು ಹೆಚ್ಚು ದನಿ ಮಾಡದು. ಮರುವರ್ಷ, ೧೯೫೨ರಲ್ಲಿ, ಅದಕ್ಕೆಂದೇ ೧೫ ಅಂಗುಲದ ಒಂದು ಸ್ಪೀಕರುಳ್ಳ ಬೇಸ್‌ಮನ್ ಎಂಬ ಆಂಪ್ಲಿಫಯರನ್ನು ಅವನು ತಯಾರಿಸಿದನು. ಅಂದರೆ ಈ ವಾದ್ಯದ ಅರ್ಧ ದೇಹ ಹುಡುಗನ ತೊಡೆಯ ಮೇಲಿದ್ದರೆ ಇನ್ನರ್ಧ ನೆಲದ ಮೇಲಿನ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಕೆಟ್ಟದಾದರೆ ವಾದ್ಯ ಕುಂಟಿತು.

ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ದಪ್ಪ ತಂತಿಯ ಕಂಪನ ಇದರ ಇಮ್ಮಡಿ. ಇಷ್ಟು ತಗ್ಗಿನ ಸ್ವರವನ್ನು ನಮ್ಮ ಕಿವಿ ಸುಲಭವಾಗಿ ಗ್ರಹಿಸದು. ಅದಕ್ಕೆ ಹೆಚ್ಚು ಗಾಳಿಯನ್ನು ಅಲುಗಿಸಬೇಕು. ಸಾಮಾನ್ಯ ಗಿಟಾರಿಗೆಂದು ಮಾಡಿದ ಆಂಪ್ಲಿಫಯರಿನಲ್ಲಿ ಬೇಸನ್ನು ಮೆಲ್ಲಗೆ ನುಡಿಸಿದರೆ ಬಾಧಕವಿಲ್ಲ. ಜೋರಾಗಿ ನುಡಿಸಿದರೆ ಅದರ ಸ್ಪೀಕರು ಹಾಳಾದೀತು.

ಈ ಮಾತನ್ನು ನಾವು ಪುಸ್ತಕದಿಂದ ಕಲಿತವರಲ್ಲ, ನಷ್ಟದಿಂದ ಕಲಿತವರು. ೨೦೨೩ರ ಸ್ನೇಹಸಮ್ಮೇಳನಕ್ಕೆ ಇದೇ ರೀತಿ ಹಣ ಕೂಡಿಸಿ, ಮೈಮೇಲೆ '೧೦೦ ವ್ಯಾಟ್' ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಅಗ್ಗದ ಪೆಟ್ಟಿಗೆಯೊಂದನ್ನು ತಂದೆವು. ಯಾವ ಅಂಗಡಿಯೆಂಬುದು ಇಲ್ಲಿ ಅಪ್ರಸ್ತುತ, ಆಯ್ದವರು ನಾವೇ. ಎರವಲು ತಂದ ಬೇಸ್ ಗಿಟಾರನ್ನು ಅದಕ್ಕೆ ಜೋಡಿಸಿದೆವು. ಎರಡನೆಯ ಹಾಡಿನ ನಡುವೆ ಸ್ಪೀಕರಿನ ಕಾಗದ ಹರಿಯಿತು. ಸಭೆ ನಕ್ಕಿತು, ಮಕ್ಕಳು ಅತ್ತರು. ಹಪ್ಪಳ ಮಾಡಿ ಮಾರಿ ಸಂಸಾರ ನಡೆಸುವ ತಾಯಿಯೊಬ್ಬರು ಆ ಪೆಟ್ಟಿಗೆಗೆ ಇನ್ನೂರು ರೂಪಾಯಿ ಕೊಟ್ಟಿದ್ದರು. ಈ ವರ್ಷವೂ ಅವರು ಇನ್ನೂರು ರೂಪಾಯಿ ಕೊಟ್ಟಿದ್ದಾರೆ; ಹಿಂದಿನದನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಅವರ ಆ ಮೌನವೇ ನಮ್ಮಿಂದ ಈ ಲೇಖನವನ್ನು ಬರೆಯಿಸುತ್ತಿದೆ.

ವ್ಯಾಟಿನ ವ್ಯಾಮೋಹವೇ ಮೊದಲ ತಪ್ಪು. ಶಕ್ತಿ ಇಮ್ಮಡಿಯಾದರೆ ದನಿ ಇಮ್ಮಡಿಯಾಗುವುದಿಲ್ಲ. ಕೇವಲ ೩ ಡೆಸಿಬೆಲ್ ಏರುತ್ತದೆ. ಕಿವಿಗೆ ದನಿ ಇಮ್ಮಡಿಯೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಆದುದರಿಂದ ೧೫ ವ್ಯಾಟಿಗೂ ೩೦ ವ್ಯಾಟಿಗೂ ಇರುವ ಅಂತರ ಬೆಲೆಯ ಚೀಟಿಯಲ್ಲಿ ಕಾಣುವಷ್ಟು ಕಿವಿಯಲ್ಲಿ ಕಾಣದು. ಕ್ಷಣಮಾತ್ರ ಹೊಮ್ಮುವ ಶಕ್ತಿಯನ್ನೇ ಬರೆದು ಸಂಖ್ಯೆಯನ್ನು ಉಬ್ಬಿಸುವ ಮಾರಾಟಗಾರರೂ ಉಂಟು. ಸ್ಪೀಕರಿನ ಗುಣವನ್ನೂ ಪೆಟ್ಟಿಗೆಯ ಗಟ್ಟಿತನವನ್ನೂ ಮೊದಲು ನೋಡಬೇಕು. ತುಂಬಿದ ಕೊಡ ತುಳುಕುವುದಿಲ್ಲವೆಂಬ ಮಾತು ಇಲ್ಲಿ ಅಕ್ಷರಶಃ ನಿಜ: ಒಳ್ಳೆಯ ಪೆಟ್ಟಿಗೆ ಸ್ವರವನ್ನು ನುಡಿಯುತ್ತದೆ, ತಾನು ಗಡಗಡಿಸುವುದಿಲ್ಲ.

ಎರಡನೆಯ ತಪ್ಪು, ವೇದಿಕೆಯನ್ನು ನೆನೆದು ಮನೆಯನ್ನು ಮರೆಯುವುದು. ವರ್ಷದಲ್ಲಿ ನಮ್ಮ ಮಕ್ಕಳು ವೇದಿಕೆಯೇರುವುದು ಮೂರೋ ನಾಲ್ಕೋ ದಿನ. ಉಳಿದ ದಿನಗಳೆಲ್ಲ ಅಭ್ಯಾಸದವು. ಅಭ್ಯಾಸ ನಡೆಯುವುದು ಮನೆಯಲ್ಲಿ. ಹೋಟೆಲಿನಲ್ಲಿ ದುಡಿಯುವ ಆ ಹುಡುಗನ ತಂದೆ ನಮ್ಮನ್ನು ಕಂಡು, "ಮಾಸ್ತರರೇ, ನಮ್ಮದು ಒಂದೇ ಕೋಣೆ. ಆ ಪೆಟ್ಟಿಗೆ ದೊಡ್ಡದಾದರೆ ನಾವು ಮಲಗುವುದೆಲ್ಲಿ?" ಎಂದು ಕೇಳಿದರು. ಯಾವ ತಜ್ಞರೂ ಕೇಳದ, ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅದು. ಆ ದಪ್ಪ ತಂತಿಯ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅವರ ಕೋಣೆಗಿಂತ ಅದರ ಅಲೆಯೇ ಉದ್ದ. ತಗ್ಗು ಸ್ವರ ಗೋಡೆಯನ್ನು ಸುಲಭವಾಗಿ ದಾಟಿ ನೆರೆಮನೆಯ ಕೂಸನ್ನು ಎಬ್ಬಿಸುತ್ತದೆ. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ೧೦ರಿಂದ ಬೆಳಗಿನ ೬ರ ತನಕ ವಿಧಿಸಿರುವ ಮಿತಿ ೪೫ ಡೆಸಿಬೆಲ್. ಕಾನೂನಿಗಿಂತ ಹೆಚ್ಚಾಗಿ, ಚಾಳಿನ ನೆರೆಹೊರೆಯ ಸೌಹಾರ್ದ ದೊಡ್ಡದು.

ಇವೆಲ್ಲವನ್ನೂ ವಿಚಾರಿಸಿ ನಾವು ತಳೆದಿರುವ ನಿಲುವು ಇದು. ಬೇಸಿಗೆಂದೇ ಮಾಡಿದ, ೮ ಅಥವಾ ೧೦ ಅಂಗುಲದ ಒಂದೇ ಸ್ಪೀಕರುಳ್ಳ, ೧೫ರಿಂದ ೩೦ ವ್ಯಾಟಿನ ಚಿಕ್ಕ ಪೆಟ್ಟಿಗೆ ಸಾಕು. ಅದರಲ್ಲಿ ಹೆಡ್‌ಫೋನಿಗೆ ಒಂದು ರಂಧ್ರ ಇರಲೇಬೇಕು. ಅದಿಲ್ಲದಿದ್ದರೆ ಉಳಿದ ಗುಣಗಳೆಲ್ಲ ವ್ಯರ್ಥ. ಫೋನಿನಿಂದ ಹಾಡನ್ನು ಹಾಯಿಸಿಕೊಂಡು ಜೊತೆಗೆ ನುಡಿಸುವ ಅನುಕೂಲವಿದ್ದರೆ ಲೇಸು. ಬಗೆಬಗೆಯ ವಿಚಿತ್ರ ದನಿಗಳನ್ನು ಹುಟ್ಟಿಸುವ ಗುಂಡಿಗಳಿಗೆ ಹಣ ತೆರಬೇಕಾಗಿಲ್ಲ. ಹುಡುಗನೊಬ್ಬನೇ ಲೋಕಲ್ ರೈಲಿನಲ್ಲಿ ಹೊತ್ತೊಯ್ಯುವಷ್ಟು ಹಗುರವಾಗಿರಬೇಕು. ಕೂಡಿದ ಹಣದ ಮುಕ್ಕಾಲು ಪಾಲನ್ನಷ್ಟೇ ಪೆಟ್ಟಿಗೆಗೆ ವ್ಯಯಿಸಿ, ಉಳಿದ ಕಾಲುಭಾಗವನ್ನು ಕೇಬಲಿಗೂ ಹೆಡ್‌ಫೋನಿಗೂ ಮುಂದಿನ ರಿಪೇರಿಗೂ ಮೀಸಲಿಡಬೇಕು.

ಇಂಥದು ಹೊಸದಾಗಿ ಕೈಗೆಟುಕದಿದ್ದರೆ ಬಳಸಿದ್ದನ್ನು ಕೊಳ್ಳುವುದು ಅವಮಾನವಲ್ಲ. ಧೋಬಿ ತಲಾವಿನ ವಾದ್ಯದ ಅಂಗಡಿಗಳಲ್ಲಿ ಹೊಸವನ್ನು ನುಡಿಸಿ ಕಿವಿಗೆ ಅಳತೆಗೋಲು ಮಾಡಿಕೊಂಡು, ಅನಂತರ ಹಳೆಯದನ್ನು ಅರಸುವುದು ಜಾಣತನ. ಪರೀಕ್ಷೆಗೆ ನಮ್ಮದೇ ಗಿಟಾರನ್ನು ಒಯ್ಯಬೇಕು. ದಪ್ಪ ತಂತಿಯನ್ನು ಮೀಟಿ, ಸ್ಪೀಕರು ಗೊರಗುಟ್ಟುವುದೋ ಎಂದು ಆಲಿಸಬೇಕು. ಪ್ರತಿಯೊಂದು ಗುಂಡಿಯನ್ನೂ ತಿರುಗಿಸಿ ಕರಕರ ಸದ್ದು ಬರುವುದೋ ನೋಡಬೇಕು. ಅರ್ಧ ಗಂಟೆ ಓಡಿಸಿ ಸುಟ್ಟ ವಾಸನೆ ಬಂದರೆ ನಮಸ್ಕಾರ ಹೇಳಿ ಹೊರಡಬೇಕು. ಹೊರದೇಶದಿಂದ ಬಂದುದು ೧೨೦ ವೋಲ್ಟಿನದಾಗಿದ್ದರೆ ನಮ್ಮ ೨೩೦ ವೋಲ್ಟಿನಲ್ಲಿ ನೇರವಾಗಿ ಜೋಡಿಸಕೂಡದು. ಮೂರು ಕಡ್ಡಿಯ ಪ್ಲಗ್ಗಿನ ಅರ್ತಿಂಗ್ ಕಡ್ಡಿಯನ್ನು ಮುರಿದಿದ್ದರಂತೂ, ಅದನ್ನು ಸರಿಪಡಿಸುವವರೆಗೆ ಮಕ್ಕಳ ಕೈಗೆ ಕೊಡಲೇಬಾರದು. ತಂತಿ ಮುಟ್ಟುವ ಬೆರಳಿನ ಪ್ರಾಣ ಆ ಕಡ್ಡಿಯಲ್ಲಿದೆ.

ಹಾಗಾದರೆ ವೇದಿಕೆಯ ಗತಿಯೇನೆಂದು ಕೇಳಬಹುದು. ಸಭಾಗೃಹದಲ್ಲಿ ಧ್ವನಿವರ್ಧಕದ ವ್ಯವಸ್ಥೆ ಹೇಗೂ ಇದೆ. ಡಿ.ಐ. ಪೆಟ್ಟಿಗೆಯೆಂಬ ಅಂಗೈಯಗಲದ ಸಾಧನದ ಮೂಲಕ ಬೇಸ್ ಗಿಟಾರನ್ನು ಅದರ ಮಿಕ್ಸರಿಗೆ ಜೋಡಿಸಬಹುದು. ನಾಲ್ಕು ದಿನದ ವೈಭವಕ್ಕಾಗಿ ದೊಡ್ಡ ಯಂತ್ರವನ್ನು ಕೊಂಡು ವರ್ಷವಿಡೀ ಅಟ್ಟದ ಮೇಲೆ ಧೂಳು ತಿನ್ನಿಸುವುದು ಬಡವರ ಹಣಕ್ಕೆ ಮಾಡುವ ಅಪಚಾರ.

ದಾನಿಗಳಲ್ಲಿ ಕೆಲವರು, ಪೆಟ್ಟಿಗೆ ದೊಡ್ಡದಾಗಿರಲಿ, ಶಾಲೆಯ ಹೆಸರನ್ನು ಅದರ ಮೇಲೆ ಬರೆಯಿಸಿ ಬೀಗದೊಳಗೆ ಭದ್ರವಾಗಿಡೋಣ ಎಂದಿದ್ದಾರೆ. ಅವರ ಔದಾರ್ಯಕ್ಕೆ ನಾವು ತಲೆಬಾಗುತ್ತೇವೆ, ಅಭಿಪ್ರಾಯಕ್ಕೆ ಬಾಗಲಾರೆವು. ವಾಚನಾಲಯದ ಪುಸ್ತಕದಂತೆ ವಾದ್ಯವೂ ಮಕ್ಕಳ ಮನೆಗೆ ಹೋಗಿ ಬರಬೇಕು. ವಹಿಯಲ್ಲಿ ಬರೆದುಕೊಂಡು ಕೊಡೋಣ; ಹದಿನೈದು ದಿನಕ್ಕೊಮ್ಮೆ ನೋಡೋಣ. ಆ ಹುಡುಗ ಮುಂದಿನ ವರ್ಷ ಹತ್ತನೆಯ ಇಯತ್ತೆ ಮುಗಿಸಿ ನಮ್ಮನ್ನು ಬಿಟ್ಟು ಹೋಗುತ್ತಾನೆ. ಪೆಟ್ಟಿಗೆ ಅವನ ಹಿಂದಿನವರಿಗೆ ಉಳಿಯಬೇಕು, ವಿದ್ಯೆ ಅವನೊಂದಿಗೆ ಹೋಗಬೇಕು.

ಮುಂದಿನ ಸ್ನೇಹಸಮ್ಮೇಳನದಲ್ಲಿ ಹಪ್ಪಳ ಮಾರುವ ಆ ತಾಯಿ ಮೊದಲ ಸಾಲಿನಲ್ಲಿ ಕುಳಿತಿರುತ್ತಾರೆ. ಹಾಡು ಕೊನೆಯವರೆಗೆ ಸಾಗಿದರೆ ಅವರ ಋಣದ ಒಂದಂಶ ತೀರಿತೆಂದು ನಾವು ತಿಳಿಯುತ್ತೇವೆ.